ದಿನಕ್ಕೆ ಎಪ್ಪತ್ತೈದು ಗ್ಯಾಲನ್ ಎಂಬ ಮಾತು

ಮಧ್ಯಾಹ್ನ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಹವಳ ತನ್ನ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡಿತು. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ಅದು ಮೀನುಗಳ ಸಂಜೆಯೂಟದ ಸಮಯ. ನಮ್ಮದು ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ. ಇಚಲಕರಂಜಿಯ ನಮ್ಮ ಪಡಸಾಲೆಗೆ ಸಮುದ್ರದ ನೀರಿನ ತೊಟ್ಟಿ ಬಂದ ದಿನವೇ ನನ್ನ ಅತ್ತೆ ಆ ನಿಯಮವನ್ನು ಅದರೊಳಗಿನವರಿಗೂ ಹೇರಿದ್ದರು. ಹವಳ ಕತ್ತಲಾದ ಮೇಲೂ ಬೆರಳು ಚಾಚಿ, ನೀರಿನಲ್ಲಿ ತೇಲುವ ಕಣಗಳನ್ನು ಹಿಡಿದು ತಿನ್ನುತ್ತದೆ ಎಂಬ ಸಂಗತಿಯನ್ನು ನಾನು ಅವರಿಗೆ ಹೇಳಿರಲಿಲ್ಲ. ಮನೆಗೆ ಬಂದವರ ಮರ್ಯಾದೆ ಕಳೆಯುವುದು ಏತಕ್ಕೆ?

ಕಾಳು ಹಿಡಿದು ಗಾಜಿನ ಮುಂದೆ ನಿಂತಾಗ ಎರಡು ಕಿತ್ತಳೆ ಮೀನುಗಳು ಎಂದಿನಂತೆ ಮೇಲೆ ಬಂದವು. ಅವುಗಳ ಹಿಂದೆ ಸದಾ ಜೋಳದ ತೆನೆಯ ಹಾಗೆ ತೂಗುತ್ತಿದ್ದ ಬಂಗಾರದ ಬಣ್ಣದ ಗೊಂಚಲು ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಸುಣ್ಣದ ಬಟ್ಟಲುಗಳಂಥ ಕಲ್ಲುಗಳಿದ್ದವು. ಕಲ್ಲಿನ ಅಂಚಿನಲ್ಲಿ, ಒಂದು ಕಡೆ, ಬಿಳಿ: ಅಷ್ಟು ಭಾಗ ಸತ್ತಿತ್ತು.

ತೊಟ್ಟಿ ನಮ್ಮದಲ್ಲ. ಗಡಹಿಂಗ್ಲಜದಲ್ಲಿರುವ ನನ್ನ ಅಣ್ಣನದು. ಅವನು ಒಣಮೆಣಸಿನಕಾಯಿ ವ್ಯಾಪಾರಿ. ಇಂಥವನು ಸಮುದ್ರದ ಜೀವಿಗಳನ್ನು ಸಾಕುವುದೆಂದರೆ ಏನೆಂದು ಬೇರೆಯವರಿಗೆ ತಿಳಿಯಲಾರದು: ತೊಟ್ಟಿಯೊಳಗೆ ಕೈ ಇಳಿಸುವ ಮೊದಲು ಮೊಳಕೈವರೆಗೆ ಸಾಬೂನು, ಅದರ ಮೇಲೆ ನಿಂಬೆಹಣ್ಣು, ಅದರ ಮೇಲೆ ಮತ್ತೆ ಸಾಬೂನು. ಇಷ್ಟಾದರೂ ಒಮ್ಮೊಮ್ಮೆ ಮೀನುಗಳು ಅವನ ಕೈ ಕಂಡರೆ ಕಲ್ಲಿನ ಹಿಂದೆ ಹೋಗಿ ಕೂರುತ್ತಿದ್ದವು. ಅವನಿಗೆ ಈ ಹುಚ್ಚು ಹಿಡಿಸಿದ್ದು ಗುಟ್ಕಾ, ನಮ್ಮ ಕಡೆಯ ಮಾತಿನಲ್ಲಿ ಪುಡಿ. ಕೆಲವು ವರ್ಷಗಳ ಹಿಂದೆ ಹಲ್ಲಿನ ಡಾಕ್ಟರು ಅವನ ಕೆನ್ನೆಯ ಒಳಗೆ ಒಂದು ಬಿಳಿಯ ಕಲೆ ನೋಡಿ, ಇಂದೇ ಬಿಟ್ಟರೆ ಬಾಯಿ ಉಳಿಯುತ್ತದೆ ಎಂದರು. ಬಿಟ್ಟ. ಬಿಟ್ಟ ಮೇಲೆ ಕೈಗೆ ಕೆಲಸವಿಲ್ಲದೆ ಹುಚ್ಚನಂತಾದ. ಆಗ ಯಾರೋ ಹೆಬ್ಬೆರಳಿನಷ್ಟು ಹವಳದ ತುಂಡು ಕೊಟ್ಟರು. ಪುಡಿಯ ನೆನಪಾದಾಗಲೆಲ್ಲ ಅಣ್ಣ ಅದರ ಮುಂದೆ ಹೋಗಿ ಕೂರುತ್ತಿದ್ದ. ನಮ್ಮ ಮನೆಗೆ ಬರುವ ಹೊತ್ತಿಗೆ ಆ ತುಂಡು ಎಲೆಕೋಸಿನಷ್ಟಾಗಿತ್ತು. ಅಣ್ಣನಿಗೆ ಪುಡಿ ಎಷ್ಟು ಸಲ ನೆನಪಾಗಿತ್ತೆಂದು ಅದರ ಗಾತ್ರ ನೋಡಿಯೇ ಹೇಳಬಹುದಿತ್ತು.

ಗಡಹಿಂಗ್ಲಜದ ಮನೆಯ ನೆಲ ಅಗೆದು ಹೊಸ ಫರಸಿ ಹಾಕಿಸುವುದಿತ್ತು. ಕಲ್ಲು ಕೊಯ್ಯುವ ಧೂಳು ತೊಟ್ಟಿಗೆ ಆಗದು. ಅದಕ್ಕೇ ಏಪ್ರಿಲಿನಲ್ಲಿ ಅದು ಟೆಂಪೋ ಹತ್ತಿ ನಮ್ಮಲ್ಲಿಗೆ ಬಂದದ್ದು. ಹೊರಡುವಾಗ ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನನ್ನು ಅಡುಗೆಮನೆಗೆ ಕರೆದಳು.

“ತಂಗಿ, ಇದು ಮೀನಿನ ಡಬ್ಬಿ ಅಲ್ಲ. ನಿಮ್ಮಣ್ಣನ ಬಾಯಿಗಿ ಹಾಕಿದ ಕೀಲಿ ಐತಿ. ಇದಕ್ಕೇನರೆ ಆತಂದ್ರ ಮತ್ತ ಪುಡಿ ಚಾಲೂ ಮಾಡ್ತಾನ. ಆ ಡಾಕ್ಟರ್ ಏನಂದಾನ, ನಿನಗೂ ಗೊತ್ತೈತಿ.”

ನನಗೆ ಗೊತ್ತಿತ್ತು. ಆ ಹೊರೆ ಹೊತ್ತುಕೊಂಡೇ ಟೆಂಪೋದ ಮುಂದಿನ ಸೀಟಿನಲ್ಲಿ ಕೂತೆ.

ಕೆಲಸ ದೊಡ್ಡದೇನಲ್ಲ ಎಂದು ಅಣ್ಣ ಹೇಳಿದ್ದ. ಬೇಸಗೆಯಲ್ಲಿ ತೊಟ್ಟಿಯ ನೀರು ದಿನವೂ ಆರುತ್ತದೆ. ಆರುವುದು ಬರೀ ನೀರು, ಉಪ್ಪು ಹಿಂದೆ ಉಳಿಯುತ್ತದೆ. ಆರಿದಷ್ಟು ಶುದ್ಧ ನೀರನ್ನು ಪ್ರತಿದಿನ ಸೇರಿಸದಿದ್ದರೆ ಉಪ್ಪು ಏರಿ ಹವಳ ಸಾಯುತ್ತದೆ. ನಳದ ನೀರು ನಡೆಯದು, ಅದರಲ್ಲಿ ತನ್ನದೇ ಲವಣಗಳಿರುತ್ತವೆ. ಅದಕ್ಕೆಂದೇ ಒಂದು ಶುದ್ಧೀಕರಣ ಯಂತ್ರ. ಅಡುಗೆಮನೆಗಳಲ್ಲಿರುವ ಆರ್‌ಓ ಯಂತ್ರದ ಅಣ್ಣನಂತೆ ಇತ್ತು: ಸಾಲಾಗಿ ಮೂರು ಪಾರದರ್ಶಕ ಕೊಳವೆಡಬ್ಬಿಗಳು, ಅವುಗಳ ತಲೆಯ ಮೇಲೆ ಅಡ್ಡ ಮಲಗಿದ ಬಿಳಿ ಕೊಳವೆ, ಕೊನೆಗೆ, ತಪ್ಪಿಸಿಕೊಂಡ ಉಪ್ಪನ್ನು ಹಿಡಿದು ತುಂಬಿದಾಗ ಬಣ್ಣ ಬದಲಿಸುವ ನೀಲಿ ಹರಳಿನ ಇನ್ನೊಂದು ಡಬ್ಬಿ. ಬಿಳಿ ಕೊಳವೆಯೊಳಗಿನ ಪೊರೆಯೇ ಉಪ್ಪನ್ನು ತಡೆಯುವುದು. ಅದರ ಮೇಲಿನ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ‘ದಿನಕ್ಕೆ ೭೫ ಗ್ಯಾಲನ್’ ಎಂಬ ಅರ್ಥದ ಬರಹವಿತ್ತು.

“ದಿನಕ್ಕ ಎಪ್ಪತ್ತೈದು ಗ್ಯಾಲನ್ ಕೊಡತೈತಿ,” ಎಂದ ಅಣ್ಣ. “ನಿಂಗ ಬೇಕಾಗೂದು ಒಂದು ಬಕೆಟ್. ಉಳಿದದ್ದರಾಗ ದಾಜೀಗಿ ಜಳಕಾ ಮಾಡಿಸು.”

ದಾಜಿ ಎಂದರೆ ನನ್ನ ಗಂಡ. ನಮ್ಮ ಕಡೆ ತಂಗಿಯ ಗಂಡನನ್ನು ಹಾಗೆ ಕರೆಯುತ್ತಾರೆ. ಅವರಿಗೆ ಹನ್ನೆರಡು ಮಗ್ಗಗಳಿವೆ. ಜಳಕದ ಮಾತು ಅವರಿಗೆ ಹಿಡಿಸಲಿಲ್ಲ. ಆದರೆ ಎಪ್ಪತ್ತೈದು ಗ್ಯಾಲನ್ ಹಿಡಿಸಿತು.

ನಾನು ಕೊಲ್ಹಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಅಮೆರಿಕದ ಗ್ಯಾಲನ್ ಬೇರೆ, ಇಂಗ್ಲೆಂಡಿನ ಗ್ಯಾಲನ್ ಬೇರೆ ಎಂದು ಬಲ್ಲವಳು. ಅಂದೇ ಕೂತು ಲೆಕ್ಕ ಹಾಕಿದೆ: ಇನ್ನೂರ ಎಂಬತ್ತನಾಲ್ಕು ಲೀಟರು ಆಗುತ್ತದೆ. ಎರಡು ಗ್ಯಾಲನ್ನುಗಳ ವ್ಯತ್ಯಾಸ ಗೊತ್ತಿದ್ದುದರ ಸಂತೋಷದಲ್ಲಿ ಚೀಟಿಯ ಉಳಿದ ಅಕ್ಷರಗಳನ್ನು ಓದಲು ಮರೆತೆ.

ನಾನು ಕೆಲಸಕ್ಕೆ ಹೋಗಿದ್ದಾಗ ನಳದವನನ್ನು ಕರೆಸಿ, ನಿಂತು, ಯಂತ್ರ ಕೂಡಿಸಿದವರು ಅತ್ತೆ. ಹಿತ್ತಲಿನಲ್ಲಿ ಬೋರಿನ ನೀರು ತುಂಬುವ ಸಣ್ಣ ಹೌದು, ಅಂದರೆ ಮುಚ್ಚಳವಿರುವ ನೀರಿನ ಟಾಕಿ, ಇದೆ. ಅದರಿಂದ ಒಂದು ಮೋಟಾರು ಬಚ್ಚಲಿನ ಮೇಲಿನ ನೀಲಿ ಡ್ರಮ್ಮಿಗೆ ನೀರು ಏರಿಸುತ್ತದೆ, ಡ್ರಮ್ಮಿನಿಂದ ನೀರು ಬಚ್ಚಲಿನೊಳಗಿನ ಯಂತ್ರಕ್ಕೆ ಇಳಿಯುತ್ತದೆ. ಸಂಜೆ ಬಂದು ನೋಡಿದರೆ ಎಲ್ಲ ಅಚ್ಚುಕಟ್ಟಾಗಿತ್ತು. ಶುದ್ಧ ನೀರಿನ ನೀಲಿ ಕೊಳವೆ ಬಕೆಟಿನಲ್ಲಿತ್ತು. ಉಪ್ಪು ಹೊತ್ತು ಹೊರಬರುವ ನೀರಿನ ಕೆಂಪು ಕೊಳವೆ ಗೋಡೆಯ ಆಚೆ ತಿರುಗಿತ್ತು. ಮೋರಿಗೆ ಹೋಗಿರಬೇಕು ಎಂದುಕೊಂಡೆ.

ನೀಲಿ ಕೊಳವೆಯಿಂದ ನೀರು ಹನಿಯುತ್ತಿತ್ತು. ಧಾರೆಯಲ್ಲ, ಹನಿ. ಇಡೀ ದಿನಕ್ಕೆ ಒಂದು ಬಕೆಟ್ ತುಂಬಿತು.

ಗಂಡ ಇದನ್ನು ಹಗುರವಾಗಿ ತೆಗೆದುಕೊಂಡರು. “ಹೊಸಾ ಸೊಸಿ ಇದ್ದಂಗ. ನಾಲ್ಕು ದಿನ ನಾಚ್ಕೋತೈತಿ, ಆಮ್ಯಾಲ ನೋಡು.” ನಾಲ್ಕು ದಿನಗಳ ಮೇಲೆ ನೋಡಿದರೆ ಬಕೆಟ್ ಮುಕ್ಕಾಲಾಗಿತ್ತು. ಮುಂದೆ ಅರ್ಧ. ಅಷ್ಟರಲ್ಲಿ ಬಿಸಿಲು ಏರಿ ತೊಟ್ಟಿಯ ನೀರು ಬೇಗ ಬೇಗ ಆರತೊಡಗಿತ್ತು. ಬಂದ ನೀರನ್ನು ಬಂದ ಹಾಗೆ ಹುಯ್ಯಬೇಕೆಂದು ನಾವು ಮೂವರೂ ಸರದಿಯ ಮೇಲೆ ರಾತ್ರಿ ಏಳತೊಡಗಿದೆವು. ಮೊಬೈಲು ಕೂಗುವುದು, ಒಂದು ತಂಬಿಗೆ ನೀರು ಹುಯ್ಯುವುದು, ಮತ್ತೆ ಮಲಗುವುದು. ಕೂಸು ಹುಟ್ಟಿದ ಮನೆಯಲ್ಲೂ ಇಷ್ಟು ನಿದ್ದೆ ಕೆಡುವುದಿಲ್ಲ. ಅಲ್ಲಿ ಕನಿಷ್ಠ ಅಳು ಕೇಳಿಸುತ್ತದೆ.

ನನಗಿದ್ದ ಇನ್ನೊಂದು ಸಂಕಟ ಅಣ್ಣನ ವಿಡಿಯೋ ಕಾಲ್. ದಿನವೂ ಸಂಜೆ ತಂಗಿಯನ್ನು ನೋಡಲು ಫೋನು ಮಾಡುತ್ತಿದ್ದ. ತಂಗಿಯ ಮುಖವನ್ನು ಒಂದು ಕ್ಷಣ ಸಹಿಸಿಕೊಂಡು, “ಫೋನ್ ಆ ಕಡೆ ತಿರುವು,” ಅನ್ನುತ್ತಿದ್ದ. ಹವಳ ಮುಚ್ಚಿಕೊಂಡ ದಿನ ನಾನು ಫೋನು ತಿರುಗಿಸಲಿಲ್ಲ. ಅದು ಮಲಗಿದೆ ಎಂದೆ.  “ಅದು ಇಷ್ಟು ಲಗೂನ ಮಲಗೂದಿಲ್ಲ,” ಎಂದ. ಫೋನು ಇಟ್ಟ. ಮುಂದಿನ ಸಂಜೆಗಳಲ್ಲೂ ನಾನು ಏನಾದರೊಂದು ನೆಪ ಹೇಳಿ ಫೋನು ತಿರುಗಿಸದೆ ಉಳಿದೆ.

ಉಪ್ಪಿನ ಅಳತೆ ನೋಡಿದೆ. ಏರಿತ್ತು. ಗಂಡ ಯಂತ್ರದ ಸುತ್ತ ಎರಡು ಸುತ್ತು ಹಾಕಿ ತೀರ್ಪು ಕೊಟ್ಟರು: ಪ್ರೆಶರ್ ಇಲ್ಲ. ಈ ಮಾತು ಅರ್ಧ ನಿಜವಾಗಿತ್ತು. ಅರ್ಧ ನಿಜವೇ ಜಗತ್ತಿನಲ್ಲಿ ಹೆಚ್ಚು ಸಾಮಾನು ಒಡೆಯುವುದು. ಅವರ ಗೆಳೆಯರೊಬ್ಬರಿಗೆ ಗಾಡಿ ತೊಳೆಯುವ ಅಂಗಡಿಯಿದೆ. ಲಾರಿಯ ಚಕ್ರಕ್ಕಂಟಿದ ಕಬ್ಬಿನ ಗದ್ದೆಯ ಕೆಸರನ್ನು ಕಿತ್ತೊಗೆಯುವ ಪಂಪು ಅಲ್ಲಿತ್ತು. ಮರುದಿನ ಬೆಳಿಗ್ಗೆ ಅದು ನಮ್ಮ ಹಿತ್ತಲಿಗೆ ಬಂತು. ಡಬ್ಬಿ ತಡೆಯುತ್ತದೆಯೇ ಎಂದು ನಾನು ಕೇಳಿದೆ. “ಪ್ಲ್ಯಾಸ್ಟಿಕ್ ಭಾಳ ಗಟ್ಟಿ ಐತಿ,” ಎಂದು ಡಬ್ಬಿಯ ಮೇಲೆ ಬೆರಳಿನಿಂದ ಕುಟ್ಟಿ ತೋರಿಸಿದರು.

ನಾನು ಬಚ್ಚಲಿನ ಬಾಗಿಲಲ್ಲಿ ನಿಂತಿದ್ದೆ. ಗುಂಡಿ ಒತ್ತಿದ ಕೂಡಲೇ ನೀಲಿ ಕೊಳವೆಯಿಂದ ಧಾರೆ ಬಂತು. ಗಂಡ ನನ್ನ ಕಡೆ ತಿರುಗಿ ಹಲ್ಲು ತೋರಿಸಿದರು. ಅವರ ನಗು ಪೂರ್ತಿಯಾಗಲಿಲ್ಲ. ನಡುವಿನ ಡಬ್ಬಿಯಿಂದ ‘ಕಿರ್’ ಎಂಬ ಸಣ್ಣ ಸದ್ದು ಬಂತು, ಯಾರೋ ಹಪ್ಪಳ ಮುರಿದ ಹಾಗೆ. ಆಮೇಲೆ ಬಾಂಬು. ಡಬ್ಬಿಯ ಕೆಳಗಿನ ಅರ್ಧ ನನ್ನ ಕಿವಿಯ ಪಕ್ಕದಲ್ಲಿ ಹಾದು, ಹಿಂದಿನ ಗೋಡೆಯ ಕಟ್ಟೆಯ ಮೇಲಿದ್ದ ಹಿತ್ತಾಳೆಯ ಹಂಡೆಗೆ ಬಡಿದು ತಗ್ಗು ಮಾಡಿತು. ನೀರು ಬಚ್ಚಲ ಬಾಗಿಲಿನಿಂದ ಮನೆಯೊಳಗೆ ನುಗ್ಗಿ ವಿದ್ಯುತ್ತಿನ ಬೋರ್ಡಿಗೆ ಹೊಡೆಯಿತು. ನೀಲಿ ಕಿಡಿ. ಆಮೇಲೆ ಇಡೀ ಮನೆ ಸುಮ್ಮನಾಯಿತು.

ಆ ಡಬ್ಬಿ ನನ್ನಿಂದ ಎಷ್ಟು ದೂರದಲ್ಲಿ ಹಾದಿತ್ತು ಎಂಬುದನ್ನು ನಾನು ಇಂದಿಗೂ ಅಳೆಯುತ್ತಿರುತ್ತೇನೆ. ಒಂದು ಹೆಜ್ಜೆ ಒಳಗೆ ನಿಂತಿದ್ದರೆ? ಬೋರ್ಡಿನ ಕೆಳಗೆ ಅತ್ತೆ ಪಾತ್ರೆ ತೊಳೆಯುತ್ತ ಕೂತಿದ್ದರೆ? ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹಾಕುವ ಮೊದಲು ಒಂದು ‘ಕಿರ್’ ಅನ್ನುತ್ತದೆಯಲ್ಲ, ಅದಕ್ಕೆ ನಾನು ಈಗಲೂ ಬಗ್ಗುತ್ತೇನೆ. ಗಂಡ ನೋಡಿ ನಗುವುದಿಲ್ಲ. ಅವರೂ ಬಗ್ಗಿರುತ್ತಾರೆ.

ಸುಮ್ಮನಾದ ಮನೆಯಲ್ಲಿ ತೊಟ್ಟಿಯ ಪಂಪುಗಳೂ ಸುಮ್ಮನಾಗಿದ್ದವು. ನೀರು ತಿರುಗದಿದ್ದರೆ ಒಳಗಿನ ಜೀವಿಗಳಿಗೆ ಉಸಿರಿಲ್ಲ. ಬೋರ್ಡು ಒಣಗುವವರೆಗೆ ಕರೆಂಟು ಹಾಕಬೇಡಿ ಎಂದು ಎಲೆಕ್ಟ್ರಿಷಿಯನ್ ಫೋನಿನಲ್ಲೇ ಗದರಿದ. ಏನು ಮಾಡಬೇಕೆಂದು ತೋಚದೆ ನಾನು ತೊಟ್ಟಿಯ ಮುಂದೆ ನಿಂತಿದ್ದೆ. ಅತ್ತೆ ಒಳಗೆ ಹೋಗಿ ಮಜ್ಜಿಗೆಯ ಕಡಗೋಲು ತಂದರು. ಬಿಸಿನೀರಿನಲ್ಲಿ ತೊಳೆದು, ಕುರ್ಚಿ ಹತ್ತಿ, ತೊಟ್ಟಿಯನ್ನು ಕಡೆಯತೊಡಗಿದರು. ಆಮೇಲೆ ನಾನು, ಆಮೇಲೆ ಗಂಡ. ಪಕ್ಕದ ಮನೆಯವಳು ಬಂದು ಏನು ಮಾಡುತ್ತಿದ್ದೀರಿ ಎಂದಳು. ಸಮುದ್ರ ಕಡೆಯುತ್ತಿದ್ದೇವೆ ಎಂದು ಅತ್ತೆ ನಿಜವನ್ನೇ ಹೇಳಿದರು. ಅವಳು ಬೆಣ್ಣೆಯ ಬಗ್ಗೆ ಏನೋ ಅಂದಳು. ನನಗೆ ನಗು ಬರಲಿಲ್ಲ. ರಟ್ಟೆ ನೋಯುತ್ತಿತ್ತು.

ಮಧ್ಯಾಹ್ನ ಕರೆಂಟು ಬಂದ ಮೇಲೆ ಒಡೆದ ಡಬ್ಬಿ, ಬಿಳಿ ಕೊಳವೆ ಎಲ್ಲ ಕಟ್ಟಿಕೊಂಡು ಗಂಡನೂ ನಾನೂ ಕೊಲ್ಹಾಪುರಕ್ಕೆ ಹೊರಟೆವು. ಕಾರಿನಲ್ಲಿ, ಮಾಡಲು ಬೇರೆ ಕೆಲಸವಿಲ್ಲದೆ, ಚೀಟಿಯ ಸಣ್ಣ ಅಕ್ಷರ ಓದಿದೆ. ಎಪ್ಪತ್ತೈದು ಗ್ಯಾಲನ್ನಿನ ಕೆಳಗೆ ಮೂರು ಶರತ್ತುಗಳಿದ್ದವು. ನೀರಿನ ಒತ್ತಡ ಇಷ್ಟಿರಬೇಕು. ನೀರಿನ ಬಿಸಿ ಇಷ್ಟಿರಬೇಕು, ತಣ್ಣಗಾದಷ್ಟೂ ಪೊರೆ ಬಿಗಿಯುತ್ತದೆ. ಒಳಗೆ ಬರುವ ನೀರಿನಲ್ಲಿ ಕರಗಿದ ಲವಣ ಇಷ್ಟಕ್ಕಿಂತ ಹೆಚ್ಚಿರಬಾರದು. ಬಿಸಿಯ ಶರತ್ತು ಮಾತ್ರ ನಮ್ಮ ಏಪ್ರಿಲಿಗೆ ಸುಲಭದ್ದು. ಒತ್ತಡ ಎಂದರೆ ಅವರು ಕೇಳಿದ್ದು ಹದಿಮೂರು ಹದಿನಾಲ್ಕು ಮಹಡಿಯ ಮೇಲಿನ ಟಾಕಿಯಿಂದ ಇಳಿದ ನೀರಿನದು. ನಾವು ಕೊಟ್ಟದ್ದು ಬಚ್ಚಲಿನ ಮೇಲಿನ ಡ್ರಮ್ಮಿನದು. ಅಷ್ಟು ಸಣ್ಣ ಒತ್ತಡವನ್ನು ನೀರಿನ ಉಪ್ಪೇ ಹಿಂದಕ್ಕೆ ದಬ್ಬಿಬಿಡುತ್ತದೆ. ನಮಗೆ ಒಂದು ಬಕೆಟ್ ಸಿಕ್ಕಿದ್ದೇ ಯಂತ್ರದ ಸಜ್ಜನಿಕೆ.

ಗಂಡನಿಗೆ ಓದಿ ಹೇಳಿದೆ.  ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: ಮಗ್ಗದ ಮೇಲೂ ತಗಡಿನ ಪಟ್ಟಿಯಲ್ಲಿ ನಿಮಿಷಕ್ಕೆ ಇಷ್ಟು ಎಳೆ ಎಂದು ಬರೆದಿರುತ್ತದೆ. ನೂಲು ಕಡಿಯುತ್ತದೆ, ಕರೆಂಟು ಹೋಗುತ್ತದೆ, ಮಗ್ಗ ನಡೆಸುವವ ಚಹಾಕ್ಕೆ ಹೋಗುತ್ತಾನೆ. ಆ ಪಟ್ಟಿ ನಂಬಿ ಯಾರೂ ವ್ಯಾಪಾರಿಗೆ ಬಟ್ಟೆಯ ಮಾತು ಕೊಡುವುದಿಲ್ಲ. “ಹುಟ್ಟಿದಾಗಿಂದ ಗೊತ್ತೈತಿ ನಂಗ. ನೀರಿನ ಮ್ಯಾಲ ಬರದದ್ದು ನೋಡಿ ಮಳ್ಳ ಆದೆ.” ತಾನು ದಡ್ಡನಾದೆನೆಂದು ಅವರು ಒಪ್ಪಿಕೊಂಡ ಮಾತು ನಮ್ಮ ಸಂಸಾರದಲ್ಲಿ ಮೊದಲ ಸಲ ಕೇಳಿದ್ದರಿಂದ, ನಾನು ಚೀಟಿ ಮಡಿಚಿ ಇಟ್ಟುಬಿಟ್ಟೆ.

ಕೊಲ್ಹಾಪುರದ ಮೀನಿನಂಗಡಿಯವನು ಒಡೆದ ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದು, ಯಾವ ಪಂಪು ಎಂದ. ಹೇಳಿದೆವು. ಮರಾಠಿಯಲ್ಲಿ ಒಂದು ಮಾತು ಅಂದ. ಅದನ್ನು ಇಲ್ಲಿ ಬರೆಯಲಾರೆ. ಯಂತ್ರದ ಜೊತೆ ಕೂಡಿಸಲೆಂದೇ ಮಾಡಿದ ಸಣ್ಣ ಪಂಪು, ಒತ್ತಡ ತೋರಿಸುವ ಮುಳ್ಳಿನ ಗಡಿಯಾರ, ನೀರಿನ ಲವಣ ಅಳೆಯುವ ಪೆನ್ನಿನಂಥ ಮೀಟರು, ಹೊಸ ಡಬ್ಬಿ, ಹೊಸ ನೀಲಿ ಹರಳು, ಮತ್ತು ಯಂತ್ರ ನಡೆಯುವವರೆಗೆ ಜೀವ ಹಿಡಿಯಲು ಎರಡು ಕ್ಯಾನು ಶುದ್ಧ ನೀರು ಕೊಟ್ಟ. ಮೀಟರಿನಿಂದ ಮೊದಲು ಬೋರಿನ ನೀರು ಅಳೆಯಿರಿ ಎಂದು ಎರಡು ಸಲ ಹೇಳಿದ. ನಾವು ಎರಡು ಸಲವೂ ತಲೆಯಾಡಿಸಿದೆವು.

ಹೊಸ ಪಂಪು ಹಾಕಿದ ದಿನ ನೀಲಿ ಕೊಳವೆಯಿಂದ ನೀರು ಧಾರೆಯಾಗಿ ಬಂತು. ಬಕೆಟುಗಳು ತುಂಬಿದವು, ಕೊಡಗಳು ತುಂಬಿದವು. ಗಂಡ ಓಣಿಯವರನ್ನು ಕರೆದು ತೋರಿಸಿದರು. ಸಮುದ್ರದ ಉಪ್ಪು ಬೆರೆಸಿ ತೊಟ್ಟಿಯ ನೀರನ್ನೂ ಅರ್ಧದಷ್ಟು ಬದಲಿಸಿ ಶುಚಿ ಮಾಡೋಣ ಎಂದು ಯಂತ್ರವನ್ನು ಹಗಲೆಲ್ಲ ಓಡಿಸಿದೆವು. ಅಳೆಯುವುದನ್ನು ಯಾರೂ ನೆನೆಯಲಿಲ್ಲ. ನೀರು ಬರುತ್ತಿರುವ ಮನೆಯಲ್ಲಿ ಮೀಟರು ಯಾರಿಗೆ ಬೇಕು?

ವಾರ ಮುಗಿಯುವಷ್ಟರಲ್ಲಿ ಧಾರೆ ಸೊರಗಿತು. ಮುಳ್ಳಿನ ಗಡಿಯಾರ ಒತ್ತಡ ಸರಿಯಿದೆ ಎನ್ನುತ್ತಿತ್ತು. ಕೊನೆಯ ಡಬ್ಬಿಯ ನೀಲಿ ಹರಳುಗಳು ಕೆಳಗಿನಿಂದ ಮೇಲಕ್ಕೆ ಚಹಾದ ಬಣ್ಣಕ್ಕೆ ತಿರುಗಿದ್ದವು. ಅಂದರೆ ಉಪ್ಪು ಪೊರೆಯನ್ನೂ ದಾಟಿ ಬರುತ್ತಿತ್ತು. ನಾವು ಶುದ್ಧವೆಂದು ಹುಯ್ಯುತ್ತಿದ್ದ ನೀರು ಶುದ್ಧವಿರಲಿಲ್ಲ. ಹವಳ ತೆರೆದಿರಲಿಲ್ಲ. ಬಿಳಿಯ ಅಂಚು ಇನ್ನೊಂದು ಬಟ್ಟಲಿಗೆ ಹಬ್ಬಿತ್ತು. ರಾತ್ರಿಯ ಸರದಿ ಮತ್ತೆ ಶುರುವಾಯಿತು.

ಈಗ ಮೀಟರು ತೆಗೆದೆ. ಬೋರಿನ ನಳದ ನೀರು: ಲೀಟರಿಗೆ ಐನೂರು ಮಿಲಿಗ್ರಾಂ ಲವಣ. ನಮ್ಮ ಕಡೆಗೆ ಇದು ಒಳ್ಳೆಯ ನೀರೇ. ಡ್ರಮ್ಮಿನ ನೀರು: ಎರಡು ಸಾವಿರದ ಹತ್ತಿರ. ಮೀಟರು ಕೆಟ್ಟಿದೆ ಎಂದುಕೊಂಡು ಒರೆಸಿ ಮತ್ತೆ ನೋಡಿದೆ. ಅದೇ. ಹೌದಿನ ನೀರು: ಅದೂ ಅಷ್ಟೇ. ನಳದಿಂದ ಹೌದಿಗೆ ಬೀಳುವಷ್ಟರಲ್ಲಿ ನೀರು ನಾಲ್ಕು ಪಟ್ಟು ಉಪ್ಪಾಗುವುದು ಹೇಗೆ? ಕೆಂಪು ಕೊಳವೆಯ ಹಿಂದೆ ಹೋದೆ. ಅದು ಗೋಡೆ ಸುತ್ತಿ, ಮೋರಿಯನ್ನು ದಾಟಿ, ಹೌದಿನ ಮುಚ್ಚಳದ ಸಂದಿಯಿಂದ ಒಳಗಿಳಿದಿತ್ತು. ಮುಚ್ಚಳ ಎತ್ತಿದೆ. ಕೊಳವೆಯ ತುದಿಗೆ ಎರಡು ಪದರಿನ ಬಿಳಿ ಬಟ್ಟೆ ಕಟ್ಟಿತ್ತು, ನೀರು ಧುಮುಕದೆ ಮೆತ್ತಗೆ ಜಾರಿ ಇಳಿಯಲಿ ಎಂದು.

ಯಂತ್ರ ಇಷ್ಟು ದಿನ ತಾನು ಉಗುಳಿದ್ದನ್ನೇ ಕುಡಿಯುತ್ತಿತ್ತು. ಹೊರಗೆ ಹೋಗುತ್ತಿದ್ದುದು ಬರೀ ಶುದ್ಧ ನೀರು. ಉಪ್ಪೆಲ್ಲ ಒಳಗೇ ಸುತ್ತುತ್ತಿತ್ತು. ಪಂಪು ಜೋರಾದಷ್ಟೂ ಹೌದಿನ ನೀರು ಬೇಗ ಉಪ್ಪಾಯಿತು. ನಾವು ಓಣಿಗೆಲ್ಲ ತೋರಿಸಿದ ಆ ಧಾರೆಯೇ ಯಂತ್ರದ ಕುತ್ತಿಗೆ ಹಿಸುಕಿತ್ತು.

ಅತ್ತೆ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದರು. ಈ ಕೊಳವೆಯನ್ನು ಇಲ್ಲಿ ಬಿಟ್ಟವರು ಯಾರು ಎಂದು ಕೇಳಿದೆ.

“ನಾನ. ಮತ್ತೆಲ್ಲಿ ಬಿಡೂದು? ಸೋಸಿ ಉಳದದ್ದನ್ನ ಬಂದ ನೀರಿಗೇ ಬಿಡಬೇಕು. ನಿಮ್ಮ ತವರಾಗ ಮೋರಿಗಿ ಚೆಲ್ಲತಾರೇನು?”

ನಮ್ಮ ತವರಿನಲ್ಲೂ ಚೆಲ್ಲುವುದಿಲ್ಲ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು, ಬಟ್ಟೆ ಮಗುಚಿ, ಅವು ಬಂದ ಬಾವಿಗೇ ಮೆಲ್ಲನೆ ಇಳಿಸುತ್ತಾರೆ. ಅದಕ್ಕೆ ಜೀವಾಣಿ ಎನ್ನುತ್ತಾರೆ. ನನ್ನ ಅಜ್ಜಿ ಅದಕ್ಕೆಂದೇ, ನೀರಿನ ಮಟ್ಟದಲ್ಲಿ ಮಗುಚಲು ಬರುವಂತೆ, ತಳಕ್ಕೆ ಕೊಂಡಿಯಿದ್ದ ಸಣ್ಣ ಕೊಡ ಇಟ್ಟುಕೊಂಡಿದ್ದಳು. ಸೋಸುವ ಯಂತ್ರವೊಂದು ಮನೆಗೆ ಬಂದು, ಒಂದು ಕೊಳವೆಯಿಂದ ಒಳ್ಳೆಯ ನೀರು, ಇನ್ನೊಂದರಿಂದ ‘ಉಳಿದದ್ದು’ ಬರುತ್ತದೆ ಎಂದರೆ ಎರಡನೆಯದು ಎಲ್ಲಿಗೆ ಹೋಗಬೇಕೆಂಬುದರಲ್ಲಿ ಅತ್ತೆಗೆ ಯಾವ ಸಂಶಯವೂ ಇರಲಿಲ್ಲ. ಅವರು ಏನನ್ನೂ ಬಚ್ಚಿಟ್ಟಿರಲಿಲ್ಲ. ನಾನು ಗೋಡೆಯ ಆಚೆ ಬಗ್ಗಿ ನೋಡಿರಲಿಲ್ಲ, ಅಷ್ಟೇ.

“ಅತ್ತಿ, ಇದರಾಗ ಜೀವ ಇಲ್ಲರಿ. ಬರೇ ಉಪ್ಪು.”

“ನೀ ನೋಡಿಯೇನು?”

“ನೋಡಾಕ ಕಾಣಂಗಿಲ್ಲರಿ.”

“ಕಾಣಂಗಿಲ್ಲ ಅಂತನ ಸೋಸೂದು.”

ನನ್ನ ಪದವಿ ಈ ಮಾತಿನ ಮುಂದೆ ಕೈಕಟ್ಟಿ ನಿಂತಿತು. ಆದರೆ ಹವಳಕ್ಕೆ ಸಮಯವಿರಲಿಲ್ಲ. ನಾನು ಅಕ್ಕಿಯ ಮೊರದ ಪಕ್ಕ ಕೂತು, ನೆಲದ ಮೇಲೆ ಬೆರಳಿನಿಂದ ಗೀರಿ ಯಂತ್ರದ ದಾರಿ ತೋರಿಸಿದೆ. ನೀರು ಮೊದಲು ಈ ಡಬ್ಬಿಗೆ ಬರುತ್ತದೆ, ಇದರಲ್ಲಿ ನೂಲಿನ ಉಂಡೆಯಂಥ ಸೋಸುಕ ಇದೆ. ಜೀವವಿರುವಂಥದ್ದು ಇದನ್ನು ದಾಟಲಾರದು. ಮುಂದೆ ಹೋಗುವುದು ನೀರು ಮತ್ತು ಕರಗಿದ ಉಪ್ಪು. ಕೆಂಪು ಕೊಳವೆಯಿಂದ ಬರುವುದು ಆ ಉಪ್ಪು. ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. ನಾನು ಗೆದ್ದೆ ಎಂದುಕೊಂಡೆ.

“ಅಂದ್ರ ಜೀವ ಎಲ್ಲಾ ಆ ಮೊದಲಿನ ಡಬ್ಬ್ಯಾಗ ಸಿಕ್ಕೊಂಡಾವ,” ಎಂದರು ಮೆಲ್ಲಗೆ. “ಇಷ್ಟು ದಿನ?”

ಅವರ ಮುಖ ನೋಡಲಾಗಲಿಲ್ಲ. ಇಡೀ ತಿಂಗಳು ಬಟ್ಟೆ ಕಟ್ಟಿ, ಮೆತ್ತಗೆ ಇಳಿಸಿ, ಅವರು ಕಾಪಾಡಿದ್ದು ಉಪ್ಪನ್ನು.

ಅತ್ತೆ ಮೊರ ಬದಿಗಿಟ್ಟು ಎದ್ದರು. ಕೆಂಪು ಕೊಳವೆಯ ಬಟ್ಟೆ ಬಿಚ್ಚಿ, ತೊಳೆದು, ಬೋರಿನ ನೀರು ಹೌದಿಗೆ ಬೀಳುವ ನಳದ ಬಾಯಿಗೆ ಕಟ್ಟಿದರು. ಇನ್ನು ಮೇಲೆ ಸೋಸುವುದು ಇಲ್ಲಿ, ಯಂತ್ರದ ಮೊದಲು. ಬಟ್ಟೆಯಲ್ಲಿ ಉಳಿದದ್ದು ನನ್ನ ಜವಾಬ್ದಾರಿ, ಆ ಕೆಂಪು ಕೊಳವೆ ನಿನ್ನದು, ಎಲ್ಲಿ ಬೇಕಾದರೂ ಬಿಡು ಎಂದರು. ಬಟ್ಟೆಯಲ್ಲಿ ಉಳಿದದ್ದನ್ನು ಬೋರಿನ ಇಷ್ಟುದ್ದ ಕೊಳವೆಯೊಳಗೆ ಮರಳಿಸುವುದು ಹೇಗೆ ಎಂಬ ಪ್ರಶ್ನೆ ನನ್ನ ಬಾಯಿಗೆ ಬಂದಿತ್ತು. ಕೇಳಲಿಲ್ಲ. ಆ ಬಟ್ಟೆಯ ಜೀವಾಣಿಯನ್ನು ಅವರು ಇಂದಿಗೂ ಓಣಿಯ ಹಳೆಯ ಬಾವಿಗೆ ಒಯ್ಯುತ್ತಾರೆ. ನಾನು ಕೆಂಪು ಕೊಳವೆಯನ್ನು ಕರಿಬೇವಿಗೆ ಬಿಟ್ಟೆ. ಕರಿಬೇವು ಸಿಟ್ಟಾಗಿ ಎಲೆ ಉದುರಿಸಿತು. ಆಮೇಲೆ ತೆಂಗಿಗೆ ಬಿಟ್ಟೆ.

ಹೌದನ್ನೂ ಡ್ರಮ್ಮನ್ನೂ ಬರಿದು ಮಾಡಿ ತೊಳೆದು, ಹೊಸ ನೀರು ತುಂಬಿ, ಉಪ್ಪು ಕಟ್ಟಿದ್ದ ಪೊರೆಯನ್ನೂ ಹರಳನ್ನೂ ಬದಲಿಸಿ, ಯಂತ್ರ ಚಾಲೂ ಮಾಡುವಷ್ಟರಲ್ಲಿ ಅಣ್ಣ ಬಾಗಿಲಲ್ಲಿ ನಿಂತಿದ್ದ. ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದ. ಚಪ್ಪಲಿ ಬಿಟ್ಟವನೇ ನೇರ ತೊಟ್ಟಿಯ ಮುಂದೆ ಹೋದ. ಹವಳ ನೋಡಿದ. ಆ ಬಿಳಿ ನೋಡಿದ. ಅವನ ನಾಲಿಗೆ ಕೆನ್ನೆಯ ಒಳಭಾಗವನ್ನು ಮುಟ್ಟುತ್ತಿರುವುದು ಹೊರಗಿನಿಂದಲೇ ಕಾಣಿಸಿತು.

“ಚಾ ಕುಡದು ಬರ್ತೇನಿ,” ಎಂದ. ನಮ್ಮ ಮನೆಯಲ್ಲಿ ಚಹಾಕ್ಕೇನೂ ಕೊರತೆ ಇರಲಿಲ್ಲ.

ನಾನು ಗಂಡನ ಮುಖ ನೋಡಿದೆ. ಅವರು ಅಂಗಿ ಸಿಕ್ಕಿಸಿಕೊಂಡು ಹಿಂದೆ ಹೊರಟರು. ಮುಂದಿನದನ್ನು ಅವರೇ ಹೇಳಿದ್ದು. ಅಣ್ಣ ಮೂಲೆಯ ಪಾನಂಗಡಿಯಲ್ಲಿ ನಿಂತು ಒಂದು ಪುಡಿಯ ಪಾಕೀಟು ಕೊಂಡ. ಗಂಡ ತಡೆಯಲಿಲ್ಲ. ಉಪದೇಶ ಅವರಿಗೆ ಬರುವುದಿಲ್ಲ. ಆದರೆ ಸುಮ್ಮನಿರಲೂ ಬರುವುದಿಲ್ಲ. ಅದಕ್ಕೆ ಮೊದಲಿನಿಂದ ಎಲ್ಲವನ್ನೂ ಹೇಳಿದರು: ಲಾರಿ ತೊಳೆಯುವ ಪಂಪು, ಹಂಡೆಯ ತಗ್ಗು, ಕಡಗೋಲು, ಕೊಲ್ಹಾಪುರದವನ ಮರಾಠಿ ಮಾತು, ಕೊಳವೆಯ ತುದಿಗೆ ಕಟ್ಟಿದ ಬಟ್ಟೆ. ಅಣ್ಣ ಹಂಡೆಯವರೆಗೆ ಸಿಟ್ಟಿನಲ್ಲಿದ್ದ. ಕಡಗೋಲಿಗೆ ಬಂದಾಗ ನಗು ತಡೆಯಲು ತುಟಿ ಕಚ್ಚಿಕೊಂಡ. ಉಪ್ಪಿಗೆ ಪೆಟ್ಟಾಗದಿರಲೆಂದು ಎರಡು ಪದರಿನ ಬಟ್ಟೆ ಎಂದಾಗ ಪಾನಂಗಡಿಯ ಕಟ್ಟೆ ಹಿಡಿದು ನಕ್ಕನಂತೆ, ಕಣ್ಣಲ್ಲಿ ನೀರು ಬರುವಷ್ಟು.

“ಪಾವಣೇರ,” ಎಂದರಂತೆ ಗಂಡ, ನೆಂಟರನ್ನು ಕರೆಯುವ ನಮ್ಮ ಕಡೆಯ ಮಾತಿನಲ್ಲಿ, “ನಾಲ್ಕು ಬಟ್ಟಲಾ ಹೋಗ್ಯಾವ. ಇನ್ನೂ ಹತ್ತಕ್ಕಿಂತ ಹೆಚ್ಚ ಅದಾವ. ಹೋದದ್ದರ ಸಲುವಾಗಿ ತಿನ್ನತೀರೋ, ಉಳದದ್ದರ ಸಲುವಾಗಿ ಬಿಡ್ತೀರೋ, ನೀವ ನೋಡ್ರಿ.”

ಅಣ್ಣ ಪಾಕೀಟನ್ನು ಬಿಸಾಡಲಿಲ್ಲ. ಒಡೆಯಲೂ ಇಲ್ಲ. ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಇಡೀ ಸಂಜೆ ತೊಟ್ಟಿಯ ಮುಂದೆ ಕೂತ. ಅತ್ತೆ ಹೊತ್ತು ಮುಳುಗುವ ಮೊದಲು ಊಟ ಬಡಿಸಿದರು, ಉಂಡ. ಬಾಯಿಗೆ ಲವಂಗ ಕೊಟ್ಟೆ, ಇಟ್ಟುಕೊಂಡ. ಆಗಾಗ ಪಾಕೀಟು ತೆಗೆದು ಮೇಲಿನ ಬರಹ ಓದುತ್ತಿದ್ದ, ಮತ್ತೆ ಇಡುತ್ತಿದ್ದ. ನಾನು ಅಡುಗೆಮನೆಯಿಂದ ಅವನ ಜೇಬನ್ನೇ ಕಾಯುತ್ತಿದ್ದೆ. ಕೊನೆಗೆ ಅಲ್ಲೇ ತೊಟ್ಟಿಯ ಬುಡದಲ್ಲಿ ಹಾಸಿಗೆ ಹಾಸಿಸಿಕೊಂಡ. ರಾತ್ರಿ ನೀರು ನಾನು ಹಾಕುತ್ತೇನೆ, ನೀವೆಲ್ಲ ಮಲಗಿ ಎಂದ. ಯಂತ್ರದ ನೀಲಿ ಕೊಳವೆಯನ್ನು ಪಡಸಾಲೆಗೇ ಎಳೆದು ಒಂದು ದೊಡ್ಡ ಟಬ್ಬಿಗೆ ಬಿಟ್ಟುಕೊಂಡ. ಆ ಟಬ್ಬು ತುಂಬಲು ಬೆಳಗಾಗುತ್ತದೆ ಎಂದು ನಾವೆಲ್ಲ ಹಳೆಯ ರೂಢಿಯ ಮೇಲೆ ಅಂದಾಜು ಮಾಡಿದೆವು. ಗಂಡ ಮೊಬೈಲಿನ ಕೂಗನ್ನು ತೆಗೆದರು.

ಮರುದಿನ ನನ್ನನ್ನು ಎಬ್ಬಿಸಿದ್ದು ಮುಖದ ಮೇಲೆ ಬಿದ್ದ ಬಿಸಿಲು. ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಸೂರ್ಯನಿಗಿಂತ ಮೊದಲು ಏಳುವ ಅತ್ತೆ ಕೂಡ ಗೊರಕೆ ಹೊಡೆಯುತ್ತಿದ್ದರು. ಕಾಲು ಕೆಳಗಿಟ್ಟೆ. ನೀರು. ಟಬ್ಬು ಯಾವಾಗಲೋ ತುಂಬಿ, ಪಡಸಾಲೆ ತುಂಬಿ, ನಡುಮನೆಯ ಹೊಸ್ತಿಲಿಗೆ ಬಂದಿತ್ತು. ಮೀಟರು ಅದ್ದಿ ನೋಡಿದೆ: ಸೊನ್ನೆ. ಇಚಲಕರಂಜಿಯಲ್ಲಿ ಅಂದು ಅಷ್ಟು ಶುದ್ಧವಾದ ನೆಲ ಇನ್ನೊಂದಿರಲಿಲ್ಲ.

ಅಣ್ಣ ತೊಯ್ದ ಹಾಸಿಗೆಯ ಮೇಲೆ, ಬಾಯಿ ತೆರೆದು, ಸತ್ತವನಂತೆ ಮಲಗಿದ್ದ. ಹವಳದ ಮೂರೋ ನಾಲ್ಕೋ ಬಟ್ಟಲುಗಳಿಂದ ಬಂಗಾರದ ತುದಿಗಳು ಉಗುರಿನಷ್ಟು ಹೊರಗೆ ಬಂದಿದ್ದವು. ಅವನ ಜೇಬಿನಿಂದ ಜಾರಿದ ಪಾಕೀಟು ನೀರಿನಲ್ಲಿ ತೇಲುತ್ತಿತ್ತು, ಒಡೆದಿರಲಿಲ್ಲ. ಅತ್ತೆ ಎದ್ದು ಬಂದು, ಏನೆಂದು ಕೇಳದೆ, ಅದನ್ನು ಕಸಬರಿಗೆಯಿಂದ ನೀರಿನ ಜೊತೆ ಬಾಗಿಲ ಆಚೆ ನೂಕಿದರು. ಗಂಡನನ್ನು ಎಬ್ಬಿಸಿದೆ. ಮೂವರೂ ಸದ್ದು ಮಾಡದೆ, ಅವನ ಸುತ್ತಲಿನ ನೀರನ್ನಷ್ಟೇ ಬಳಿದೆವು. ಅವನನ್ನು ಎಬ್ಬಿಸಲಿಲ್ಲ.